ನೂರರ ಮೇಲಿನ ಹನ್ನೆರಡು

ಕಾಕಾನ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬೆಸುಗೆ ಹಾಕಿ ಕರೆಂಟು ಕೊಟ್ಟ ಕೂಡಲೇ ಟ್ರಾನ್ಸಿಸ್ಟರಿನ ತಲೆಯ ಮೇಲೆ ಆ ಬೆರಳೊತ್ತಿ ಬಿಸಿ ನೋಡುವುದು ಅವರ ಚಟ. ಸುಟ್ಟು ಸುಟ್ಟು ಅದರ ತುದಿ ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಪಿಂಚಣಿಯವರು ವರ್ಷಕ್ಕೊಮ್ಮೆ ಬೆರಳೊತ್ತಿ ತಾವು ಬದುಕಿದ್ದೇವೆ ಎಂದು ತೋರಿಸಬೇಕಲ್ಲ, ಶಹಾಪುರದಲ್ಲಿ ಆ ಯಂತ್ರ ಕಾಕಾನ ಹೆಬ್ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ಒರೆಸಿ, ಉಜ್ಜಿ, ನೀರು ಹಚ್ಚಿ, ಒಂದೊಂದೇ ಬೆರಳು ಇಟ್ಟು ನೋಡಿ, ಕೊನೆಗೆ ಎಡಗೈ ಕಿರುಬೆರಳಿನಿಂದ ಬದುಕಿ ಬರುತ್ತಿದ್ದರು. ಮಷೀನಿನ ಪ್ರಕಾರ ತಾನು ಸತ್ತು ಭಾಳ ವರ್ಷವಾಯಿತು ಎಂದು ನಗುತ್ತಿದ್ದರು.

ನಾನು ಶಹಾಪುರದ ಹೈಸ್ಕೂಲಿಗೆ ಗಣಿತದ ಟೀಚರಾಗಿ ವರ್ಗವಾಗಿ ಬಂದಾಗ ಊರೊಳಗೆ ಒಂಟಿ ಹೆಂಗಸಿಗೆ ಮನೆ ಕೊಡಲು ಎಲ್ಲರೂ ಮೀನಮೇಷ ಎಣಿಸಿದರು. ಗಂಡ ಎಲ್ಲಿದ್ದಾನೆ, ಯಾಕೆ ಬಂದಿಲ್ಲ, ಯಾವಾಗ ಬರುತ್ತಾನೆ. ಬಾಡಿಗೆಯ ಮಾತಿಗೆ ಮೊದಲು ಇದೇ ವಿಚಾರಣೆ. ಅವನು ಬರುವವನಲ್ಲ, ನಾನೇ ಬಿಟ್ಟು ಬಂದವಳು ಎಂದರೆ ಮುಖ ಸಿಂಡರಿಸಿ ಕೀಲಿಕೈ ಒಳಗೆ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ಭೀಮರಾಯನಗುಡಿಯಲ್ಲಿ, ನೀರಾವರಿ ಕ್ಯಾಂಪಿನ ಹಿಂದಿನ ಓಣಿಯಲ್ಲಿ, ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆಗಳಲ್ಲಿ ಒಂದು ಸಿಕ್ಕಿತು. ಇನ್ನೊಂದರಲ್ಲಿ ಕಾಕಾ ಇದ್ದರು. ನನಗೇನೂ ರಕ್ತಸಂಬಂಧಿಯಲ್ಲ. ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಅಂದೆ.

ನಾನು ಬಂದ ದಿನ ಸಾಮಾನು ಇಳಿಸುತ್ತಿದ್ದಾಗ ಬಾಗಿಲಿಗೆ ಬಂದರು. ಶುರುವಾಯಿತು ವಿಚಾರಣೆ ಎಂದು ಹಲ್ಲು ಕಚ್ಚಿಕೊಂಡೆ. ಅವರು ಕೇಳಿದ್ದು ಒಂದೇ ಮಾತು.

"ಟೀಚರ್ರ, ನಿಮ್ಮ ಹಂತ್ಯಾಕ ಸತ್ತ ಸೆಲ್ಲು ಏನರ ಅದಾವೇನ್ರಿ?"

ಗೋಡೆ ಗಡಿಯಾರದಿಂದ ತೆಗೆದು ಬಿಸಾಡಬೇಕೆಂದಿದ್ದ ಸೆಲ್ಲು ಕೊಟ್ಟೆ. ಸಂಜೆ ಅದೇ ಸೆಲ್ಲಿನಿಂದ ಒಂದು ಸಣ್ಣ ದೀಪ ಹೊತ್ತಿಸಿಕೊಂಡು ತಂದು ನನ್ನ ಕಿಟಕಿಯಲ್ಲಿಟ್ಟು ಹೋದರು. ಸತ್ತದ್ದರೊಳಗೂ ಒಂದಿಷ್ಟು ಉಳಿದಿರುತ್ತದೆ, ಹಿಂಡಿ ತೆಗೆಯಲು ಬರಬೇಕು ಅಷ್ಟೇ ಎಂದರು. ಆ ಮನೆಯಲ್ಲಿ ನನ್ನ ಮೊದಲ ರಾತ್ರಿ ಆ ದೀಪ ಉರಿಯುತ್ತಲೇ ಇತ್ತು. ಗಂಡನ ಬಗ್ಗೆ ಅವರು ಅಂದೂ ಕೇಳಲಿಲ್ಲ, ಮುಂದೆ ಎಂದೂ ಕೇಳಲಿಲ್ಲ. ಈ ಒಂದು ಋಣಕ್ಕೇ ನಾನು ಅವರ ಬಗ್ಗೆ ಬರೆಯಬೇಕು.

ಕಾಕಾ ಕ್ಯಾಂಪಿನ ವೈರ್‌ಲೆಸ್ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊಬೈಲುಗಳು ಬರುವ ಮೊದಲು ಕಾಲುವೆಯ ನೀರಿನ ಮಟ್ಟವನ್ನು ವೈರ್‌ಲೆಸ್ಸಿನಲ್ಲೇ ಹೇಳುತ್ತಿದ್ದರಂತೆ. ಕೊಡೇಕಲ್ ಕಡೆಯ ಸ್ಟೇಷನ್ನಿನಲ್ಲಿ ಒಬ್ಬ, ಇಲ್ಲಿ ಕಾಕಾ. ಅಲ್ಲಿಂದ ಒಂದು ಅಂಕಿ ಬಂದರೆ ಕೇಳಿಸಿಕೊಂಡವನು ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳುವವರೆಗೆ ಅಂಕಿ ಮುಟ್ಟಿಲ್ಲ ಎಂದೇ ಲೆಕ್ಕ, ಯಾಕೆಂದರೆ ಅದನ್ನು ನಂಬಿ ಗೇಟು ಎತ್ತುವುದು, ಇಳಿಸುವುದು ಆಗಬೇಕು. ಹೀಗೆ ಅಂಕಿ ಹೇಳುತ್ತ, ತಿರುಗಿ ಹೇಳುತ್ತ ಆ ಕೊಡೇಕಲ್ಲಿನ ದನಿಯೇ ಕಾಕಾನ ದೋಸ್ತನಾಯಿತು. ಮುಖ ನೋಡುವ ಮೊದಲೇ ಗಳಸ್ಯ ಕಂಠಸ್ಯ. ನೌಕರಿ ಮುಗಿದ ಮೇಲೆ ಆ ದೋಸ್ತ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ನಡುವೆ ನೆಲೆಸಿದರು. ಕಾಕಾನಿಗೆ ಅದ್ಯಾವುದೂ ಇರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದರೆ, ಹೆಣ್ಣು ನೋಡಲು ಹೊರಟಾಗಲೆಲ್ಲ ಕಾಲುವೆಗೆ ನೀರು ಬಿಡುತ್ತಿದ್ದರು, ರಜೆ ಸಿಗಲಿಲ್ಲ ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಇಬ್ಬರಿಗೂ ಒಂದೇ ಹುಚ್ಚು, ಆಸಿಲೇಟರಿನದು. ಉಂಗುರದಂಥ ಒಂದು ಕಪ್ಪು ಬಿಲ್ಲೆ, ಅದಕ್ಕೆ ಸುತ್ತಿದ ತಾಮ್ರದ ತಂತಿಯ ಕಾಯ್ಲು, ಒಂದು ಟ್ರಾನ್ಸಿಸ್ಟರ್, ಒಂದೆರಡು ಬಿಡಿ ಸಾಮಾನು. ಸೆಲ್ಲಿನಿಂದ ಒಂದೇ ಸಮ ಹರಿದು ಬರುವ ಕರೆಂಟು ಇದರೊಳಗೆ ಹೊಕ್ಕರೆ ಕಣ್ಣಿಗೆ ಕಾಣದಷ್ಟು ಬೇಗ ತೂಗತೊಡಗುತ್ತದೆ. ಜೋಕಾಲಿಗೆ ಸರಿಯಾದ ಹೊತ್ತಿಗೆ ಒಂದು ಸಣ್ಣ ನೂಕು ಕೊಟ್ಟರೆ ಸಾಕು, ಆಡುತ್ತಲೇ ಇರುತ್ತದಲ್ಲ, ಇದೂ ಹಾಗೇ ಎಂದು ನನಗೆ ತಿಳಿಸಿಕೊಟ್ಟರು. ದೀಪ ಹತ್ತಿತು ಎಂದು ಖುಷಿಪಟ್ಟು ಸುಮ್ಮನಾಗುವ ಜನ ಇವರಲ್ಲ. ನೂರು ಪಾಲು ಒಳಗೆ ಹಾಕಿದರೆ ಎಷ್ಟು ಪಾಲು ಹೊರಗೆ ಬಂತು, ಅದು ಬೇಕು. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. "ಬಿಸಿ ಆತಂದ್ರ ಕಳುವು ಆಗೇದ ಅಂತನ ತಿಳ್ಕೋಬೇಕ್ರಿ" ಎಂಬುದು ಕಾಕಾನ ಗಾದೆ. ಆ ಹೆಬ್ಬೆರಳು ಇದ್ದದ್ದೇ ಕಳ್ಳನನ್ನು ಹಿಡಿಯಲಿಕ್ಕೆ.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ರಂಗಂಪೇಟೆಗೆ ಫೋನು. ಆರಾಮಿದ್ದೀಯಾ, ಊಟ ಆಯಿತಾ, ಒಂದೂ ಇಲ್ಲ. ಕಾಕಾ ಆ ದಿನದ ಅಂಕಿ ಹೇಳುತ್ತಿದ್ದರು: ಅರವತ್ತೆರಡು. ಅತ್ತಲಿಂದ ಅದೇ ಅಂಕಿ ತಿರುಗಿ ಬರುತ್ತಿತ್ತು. ಆಮೇಲೆ ಅವರ ಅಂಕಿ, ಇವರು ತಿರುಗಿ ಹೇಳುವುದು. ಆಮೇಲೆ ಸುತ್ತು ಕಡಿಮೆ ಮಾಡು, ತಂತಿ ದಪ್ಪ ಹಾಕು ಎಂಬ ಜಗಳ. ಗೋಡೆಯಾಚೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ನಾನು ಇದನ್ನು ಕೇಳುತ್ತಿದ್ದೆ. ಗಂಡಸರಿಬ್ಬರ ಇಂಥ ಸಂಸಾರ ನಾನು ಬೇರೆಲ್ಲೂ ನೋಡಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ನನ್ನ ಫೋನು ಮೂಕ ಬಸವನ ಹಾಗೆ ಬಿದ್ದಿರುತ್ತಿತ್ತು.

ಒಂದು ಸಂಜೆ ಕಾಕಾನ ದನಿ ನಡುಗಿತು. ಹೊಸ ಕಾಯ್ಲು ಸುತ್ತಿದ್ದರು. ಅಂಕಿ ನೂರಾಹನ್ನೆರಡು ಬಂದಿತ್ತು.

ಹಾಕಿದ್ದಕ್ಕಿಂತ ಹೆಚ್ಚು ಹೊರಗೆ ಬರುವುದು ಸಾಧ್ಯವಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅದಕ್ಕೇ ಆ ನಡುಕ. ರಂಗಂಪೇಟೆಯವರು ಅದನ್ನು ತಿರುಗಿ ಹೇಳಿದ ಬೆನ್ನಿಗೇ ಬೈದರು, ಮೀಟರ್ ತಲೆಕೆಳಗ ಹಿಡದೀಯೇನು ಎಂದರು. ಆಮೇಲೆ ತಾವೂ ಅದೇ ಸುತ್ತು, ಅದೇ ತಂತಿ ಹಾಕಿ ಮಾಡಿ ನೋಡಿದರು. ಅವರಿಗೆ ನೂರಾಹದಿನಾಲ್ಕು ಬಂತು. ಅವತ್ತು ಕಾಕಾ ಓಣಿಗೆಲ್ಲ ಪೇಡೆ ಹಂಚಿದರು, ಯಾಕೆ ಎಂದು ಯಾರಿಗೂ ಹೇಳದೆ. ನನ್ನೊಬ್ಬಳಿಗೆ ಹೇಳಿದರು. "ಆಗಬಾರದ್ರಿ. ಆದ್ರ ಆಗೇದ. ಇಬ್ರಿಗೂ ಆಗೇದ" ಎಂದು ಅದನ್ನೇ ಹೇಳಿದ್ದು ಹೇಳಿದ್ದು.

ಹಲವು ವಾರ ಅವರ ಕಾಲು ನೆಲದ ಮೇಲೆ ಇರಲಿಲ್ಲ. ನನಗೆ ಸುಮ್ಮನಿರಲು ಬರುವುದಿಲ್ಲ, ಹುಟ್ಟುಗುಣ. ಒಂದು ದಿನ ಅವರ ಟೇಬಲ್ಲಿನ ಮೇಲಿದ್ದ ಮೀಟರ್ ನೋಡಿ, ದೋಸ್ತರ ಹತ್ತಿರವೂ ಇಂಥದ್ದೇ ಇದೆಯೇನು ಎಂದು ಕೇಳಿದೆ. ಹೌದು, ಇಬ್ಬರೂ ಕೂಡಿ ಕಲಬುರಗಿಗೆ ಹೋಗಿ ಒಂದೇ ಅಂಗಡಿಯಲ್ಲಿ ಜೋಡಿ ತಂದದ್ದು ಎಂದರು, ಹೆಮ್ಮೆಯಿಂದ. ನಾನು ನಕ್ಕೆ. ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಇಬ್ಬರು ಹುಡುಗಿಯರದು ಒಂದೇ ಉತ್ತರ ಬಂದರೆ ಅದು ಸರಿ ಎಂದು ನಾನು ತಿಳಿಯುವುದಿಲ್ಲ ಕಾಕಾ, ಕಾಪಿ ಎಂದು ತಿಳಿಯುತ್ತೇನೆ ಎಂದೆ.

ಅವರು ನಗಲಿಲ್ಲ. ಮೀಟರನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನಾನು ಮನೆಗೆ ಹೋಗಲಿ ಎಂದು ಕಾಯುವವರ ಹಾಗೆ ಎದ್ದು ನಿಂತರು.

ಮುಂದಿನ ಭಾನುವಾರ ಮಧ್ಯಾಹ್ನ ಕರೆದರು. ಹೊರಗೆ ರಣರಣ ಬಿಸಿಲು, ಅವರ ಕೋಣೆಯ ಕಿಟಕಿ ಬಾಗಿಲಿಗೆಲ್ಲ ಕೌದಿ ಹೊದಿಸಿ ಕತ್ತಲು ಮಾಡಿದ್ದರು. ಟೇಬಲ್ಲಿನ ಎರಡು ತುದಿಗೆ ಒಂದೇ ನಮೂನೆಯ ಎರಡು ಟಾರ್ಚ್ ಬಲ್ಬು. ಒಂದು ಅವರ ಸರ್ಕೀಟಿನಿಂದ ಉರಿಯುತ್ತಿತ್ತು, ಇನ್ನೊಂದು ನೇರ ಸೆಲ್ಲುಗಳಿಂದ. ಸೆಲ್ಲಿನ ನೇರ ಕರೆಂಟನ್ನು ಮೀಟರ್ ಸರಿಯಾಗಿ ಅಳೆಯುತ್ತದೆ, ಅದು ಮೋಸ ಹೋಗುವುದಿದ್ದರೆ ತೂಗಾಡುವ ಕರೆಂಟಿನಲ್ಲಿ ಎಂದು ಕಾಕಾ ವಿವರಿಸಿದರು. ಹಾಗಾಗಿ ತೂಗಾಡುವುದನ್ನು ಮೀಟರಿನಿಂದ ಅಳೆಯುವುದೇ ಬೇಡ, ಬೆಳಕಿನಿಂದಲೇ ಅಳೆಯೋಣ. ಒಂದು ಬಿಳಿ ಹಾಳೆಯ ಮೇಲೆ ಮಿರ್ಚಿ ಭಜಿ ಒತ್ತಿ ಎಣ್ಣೆಯ ಕಲೆ ಮಾಡಿದರು, ಭಜಿಯನ್ನು ನನಗೆ ಕೊಟ್ಟರು. ಹಾಳೆಯನ್ನು ಎರಡು ಬಲ್ಬಿನ ಸರಿ ನಡುವೆ ನಿಲ್ಲಿಸಿದರು. ಒಂದು ಕಡೆಯ ಬೆಳಕು ಹೆಚ್ಚಾದರೆ ಎಣ್ಣೆಯ ಕಲೆ ಎದ್ದು ಕಾಣುತ್ತದೆ. ಎರಡೂ ಸಮವಾದರೆ ಕಲೆ ಮಾಯವಾಗುತ್ತದೆ.

ನನ್ನ ಕೆಲಸ ಕಲೆ ನೋಡುವುದು. ಅವರು ನೇರ ಸೆಲ್ಲಿನ ಬಲ್ಬಿನ ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ ಸಾವಕಾಶ ತಿರುಗಿಸುತ್ತ ಹೋದರು. ಕಲೆ ಇತ್ತು, ಇತ್ತು, ಮಸುಕಾಯಿತು, ಇಲ್ಲವಾಯಿತು. ಹೋತು ಕಾಕಾ ಎಂದೆ. ಬೆಳಕು ಸಮವಾದರೆ ಎರಡು ಬಲ್ಬು ತಿನ್ನುವುದೂ ಸಮ ಎಂದು, ಆಗ ಮೀಟರ್ ಹಿಡಿದು ಆ ನೇರ ಬಲ್ಬಿನ ಲೆಕ್ಕ ತೆಗೆದರು. ಮತ್ತೊಮ್ಮೆ ಮಾಡಿದೆವು. ಬಲ್ಬು ಅದಲು ಬದಲು ಮಾಡಿ ಮತ್ತೊಮ್ಮೆ. ಎಷ್ಟು ಸಲ ಮಾಡಿದರೂ ಎಪ್ಪತ್ತನಾಲ್ಕಕ್ಕಿಂತ ಮೇಲೆ ಬರಲಿಲ್ಲ.

ಕಾಕಾ ಕೌದಿ ತೆಗೆಯಲಿಲ್ಲ. ಕತ್ತಲಲ್ಲೇ ನೆಲದ ಮೇಲೆ ಕೂತರು. ನನಗೆ ಅವರ ಅಂಕಿಗಿಂತ ಅವರ ಸಂಜೆಯ ಫೋನಿನ ಚಿಂತೆ ಹತ್ತಿತು. ರಂಗಂಪೇಟೆಯವರು ಈ ನೂರಾಹದಿನಾಲ್ಕನ್ನು ಊರಿಗೆಲ್ಲ ಸಾರಿದ್ದರು. ಮನೆಯಲ್ಲಿ ಮುದುಕನಿಗೆ ಮಳ್ಳು ಎನ್ನುತ್ತಿದ್ದ ಮಕ್ಕಳು ಈಗ ನೆಂಟರನ್ನು ಕರೆತಂದು ಅಪ್ಪನ ಸರ್ಕೀಟಿನ ಡಬ್ಬಿ ತೋರಿಸುತ್ತಿದ್ದರಂತೆ. ಹೇಳಬೇಡಿ ಕಾಕಾ ಎಂದೆ. ಯಾರಿಗೇನು ನಷ್ಟ, ಅವರ ಪಾಡಿಗೆ ಅವರು ಖುಷಿಯಿಂದಿದ್ದಾರೆ, ನಿಮ್ಮ ಪಾಡಿಗೆ ನೀವಿರಿ.

"ನಾ ಹೇಳಿದ ಅಂಕಿ ನಂಬಿ ಅಂವ ಗೇಟ್ ಎತ್ತಸ್ತಿದ್ದನ್ರಿ" ಎಂದರು. "ಒಂದ ದಿನಾನೂ ಸುಳ್ಳ ಅಂಕಿ ಹೇಳಿಲ್ಲ. ಈಗ ಹೆಂಗ ಹೇಳ್ಲಿ?"

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಸುರಪುರದ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ದಾರಿಯುದ್ದಕ್ಕೂ ಎಣ್ಣೆ ಹಾಳೆಯನ್ನು ಮಡಚದೆ, ಮಾಸದ ಹಾಗೆ ಎರಡು ರಟ್ಟಿನ ನಡುವೆ ಹಿಡಿದುಕೊಂಡಿದ್ದರು.

ರಂಗಂಪೇಟೆಯ ಮನೆ ತುಂಬಿ ತುಳುಕುತ್ತಿತ್ತು. ದೋಸ್ತ ದೊಡ್ಡ ಆಳು, ದೊಡ್ಡ ದನಿ. ಬಾರಲೇ ಎಂದು ಕಾಕಾನನ್ನು ತಬ್ಬಿ, ಮಕ್ಕಳನ್ನು ಕರೆದು, ಇವನೇ ನನ್ನ ನೂರಾಹನ್ನೆರಡು ಎಂದು ಪರಿಚಯ ಮಾಡಿಸಿದರು. ಕಾಕಾ ಅವರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದರು. ಮೀಟರುಗಳದ್ದು, ಹಾಳೆಯದ್ದು, ಕಲೆಯದ್ದು. ನಾನು ಬಾಗಿಲಲ್ಲಿ ನಿಂತಿದ್ದೆ. ದೋಸ್ತನ ಮುಖ ಬಿಗಿಯುತ್ತ ಬಂತು.

"ಎಪ್ಪತ್ತನಾಲ್ಕು" ಎಂದರು ಕಾಕಾ, ಕೊನೆಗೆ.

ದೋಸ್ತ ಹಾಳೆಯನ್ನೇ ನೋಡುತ್ತಿದ್ದರು. ಕಾಕಾ ಕಾದರು. ಮತ್ತೊಮ್ಮೆ ಎಪ್ಪತ್ತನಾಲ್ಕು ಎಂದರು. ಅಂಕಿ ಕೇಳಿ ಅವರು ತಿರುಗಿ ಹೇಳದೆ ಇದ್ದದ್ದು ಅವರಿಬ್ಬರ ಆಯುಷ್ಯದಲ್ಲಿ ಅದೇ ಮೊದಲಿರಬೇಕು.

"ನಾ ತಪ್ಪ ಅಂತೀ ಏನು?" ಎಂದರು ದೋಸ್ತ.

"ನೀ ತಪ್ಪಲ್ಲೋ. ಮೀಟರ್ ತಪ್ಪ ಹೇಳೇದ. ನಿನಗೂ, ನನಗೂ."

ಹೊರಗೆ ಮಕ್ಕಳು, ಸೊಸೆಯಂದಿರು ಕೇಳುತ್ತಿದ್ದರು. ಅದೇ ತಪ್ಪಾಯಿತೇನೋ. ಫೋನಿನಲ್ಲೇ ಹೇಳಿದ್ದರೆ ಬೈದು ಮುಗಿಸುತ್ತಿದ್ದರು ಎಂದು ಆಮೇಲೆ ನನಗೆ ಅನ್ನಿಸಿತು. ದೋಸ್ತ ಎದ್ದು ಹೆಗಲ ಮೇಲಿನ ಟವೆಲ್ ಕೊಡವಿ, ನೀವು ದೊಡ್ಡವರು, ಚಾ ಕುಡದು ಹೋಗ್ರಿ ಎಂದರು. ಹುಟ್ಟಾ ಏಕವಚನದವರು ಹಾಗೆ ಬಹುವಚನಕ್ಕೆ ಹೋದರೆ ನಮ್ಮ ಕಡೆ ಬಾಗಿಲು ತೋರಿಸಿದ ಹಾಗೆಯೇ. ಕಾಕಾ ಹಾಳೆಯನ್ನು ಅವರ ಟೇಬಲ್ಲಿನ ಮೇಲಿಟ್ಟು ಎದ್ದರು. ಚಹಾ ಬರುವವರೆಗೂ ನಿಲ್ಲಲಿಲ್ಲ.

ಅವತ್ತಿನಿಂದ ಫೋನು ನಿಂತಿತು.

ನೀವೇ ಒಂದು ಸಲ ಮಾಡಿ ಎಂದು ನಾನು ಎಷ್ಟು ಹೇಳಿದೆನೋ. ಕಾಕಾ ಕೇಳಲಿಲ್ಲ. ಅಂಕಿ ಹೇಳಿಯಾಗಿದೆ, ತಿರುಗಿ ಹೇಳುವ ಪಾಳಿ ಅವನದು ಎನ್ನುತ್ತಿದ್ದರು. ನಿಮ್ಮ ರೂಲಿಗೆ ಬೆಂಕಿ ಬೀಳಲಿ ಎಂದು ನಾನು ರೇಗಿದೆ. ನಕ್ಕರು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಫೋನು ಪಕ್ಕದಲ್ಲಿಟ್ಟುಕೊಂಡು ಕೂರುವುದು ತಪ್ಪಲಿಲ್ಲ. ಒಮ್ಮೊಮ್ಮೆ ಎತ್ತಿ ಕಿವಿಗೆ ಹಿಡಿದು, ಕೆಟ್ಟಿಲ್ಲ ತಾನೇ ಎಂದು ನೋಡಿ ಮತ್ತೆ ಇಡುತ್ತಿದ್ದರು. ಮಳೆಗಾಲ ಹೋಯಿತು, ಚಳಿ ಬಂದು ಹೋಯಿತು. ಒಂಟಿಯಾಗಿರುವುದು ನನಗೆ ಹೊಸದಲ್ಲ, ನಾನು ಬೇಕೆಂದೇ ಆರಿಸಿಕೊಂಡದ್ದು. ಅವರದು ಹಾಗಲ್ಲ. ಕರೆ ಬರಬೇಕಾದ ಹೊತ್ತು ದಿನಾ ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ಅದನ್ನು ಗೋಡೆಯಾಚೆಯಿಂದ ಕೇಳಿಸಿಕೊಳ್ಳುವುದು ನನಗೂ ಕಷ್ಟವಾಯಿತು.

ಕೆಲಸ ಮಾತ್ರ ಬಿಡಲಿಲ್ಲ. ನೂರರ ಮೇಲಿನ ಹನ್ನೆರಡು ಹೋಯಿತಲ್ಲ, ಇನ್ನು ಯಾಕೆ ಈ ಒದ್ದಾಟ ಎಂದರೆ, ಎಪ್ಪತ್ತನಾಲ್ಕು ಖರೇ ಅಂಕಿ, ಅದರ ಮೇಲೆ ಒಂದು ಹತ್ತಿದರೂ ಅದು ನನ್ನದು ಎಂದರು. ಕಾಯ್ಲು ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಭಾನುವಾರಗಳಂದು ಕೌದಿ ಕಟ್ಟಿ ನಾವಿಬ್ಬರೂ ಕಲೆ ನೋಡುತ್ತಿದ್ದೆವು. ಎಪ್ಪತ್ತೇಳಾಯಿತು. ಎಪ್ಪತ್ತೊಂಬತ್ತಾಯಿತು. ನಾನು ಜೋರಾಗಿ ಆ ಅಂಕಿಯನ್ನು ತಿರುಗಿ ಹೇಳುತ್ತಿದ್ದೆ, ಅವರಿಗೆ ಸಮಾಧಾನವಾಗಲಿ ಎಂದು. ಒಂದು ಸಲ ಅವರು, ಬೇಜಾರು ಮಾಡಿಕೊಳ್ಳಬೇಡಿ, ನೀವು ಹೇಳಿದರೆ ಮುಟ್ಟಿದಂತೆ ಆಗುವುದಿಲ್ಲ ಎಂದರು. ನನಗೆ ಬೇಜಾರಾಯಿತು. ಆದರೆ ಅವರು ಹೇಳಿದ್ದು ಖರೇ ಇತ್ತು.

ಬೇಸಿಗೆಯ ಹೊತ್ತಿಗೆ ಎಂಬತ್ತೊಂದಕ್ಕೆ ತಂದರು. ಟ್ರಾನ್ಸಿಸ್ಟರಿನ ಮೇಲೆ ನನ್ನ ಬೆರಳನ್ನೂ ಇಡಿಸಿ, ತಣ್ಣಗಿದೆ ನೋಡಿ, ಕಳ್ಳ ಊರು ಬಿಟ್ಟ ಎಂದರು. ಅದೇ ವಾರ ಎದೆನೋವು ಬಂತು. ಶಹಾಪುರದಲ್ಲಿರುವ ತಮ್ಮನ ಮಗ ಬಂದು ಕಲಬುರಗಿಗೆ ಕರೆದುಕೊಂಡು ಹೋದ. ಹೋಗುವಾಗ ಮಾತಾಡುತ್ತಲೇ ಹೋದರು, ಬೆಸುಗೆ ಹಾಕುವ ಕಡ್ಡಿಯ ಪ್ಲಗ್ ತೆಗೆದಿದ್ದೇನೋ ಇಲ್ಲವೋ ನೋಡಿ ಎಂದು ನನಗೆ ಹೇಳಿ ಹೋದರು. ಹೊಳ್ಳಿ ಬರುವಾಗ ಮಾತಿರಲಿಲ್ಲ.

ರಂಗಂಪೇಟೆಗೆ ನಾನೇ ಫೋನು ಮಾಡಿದೆ. ಸುದ್ದಿ ಹೇಳಿದೆ. ಅತ್ತ ಲೈನು ಬಹಳ ಹೊತ್ತು ತೆರೆದೇ ಇತ್ತು.

ದೋಸ್ತ ಮಣ್ಣಿಗೆ ಬಂದರು. ಜನರ ಹಿಂದೆ ಎಲ್ಲೋ ನಿಂತಿದ್ದರಂತೆ. ಎಲ್ಲ ಮುಗಿದು ಓಣಿಯವರು ಕೈಕಾಲು ತೊಳೆದು ಚದುರಿದ ಮೇಲೆ ಕಾಕಾನ ಕಟ್ಟೆಯ ಮೇಲೆ ಬಂದು ಕೂತರು. ಆ ದೊಡ್ಡ ಆಳು ಅರ್ಧವಾಗಿದ್ದರು. ನೀರು ಕೊಟ್ಟೆ. ಕುಡಿಯದೆ ತಂಬಿಗೆ ಹಿಡಿದುಕೊಂಡೇ ಇದ್ದರು.

"ಅಂವ ಹೇಳಿದ್ದು ಖರೇ ಇತ್ರಿ" ಎಂದರು. "ನೀವು ಹೋದ ಮರುದಿವಸನ ಆ ಹಾಳಿ ಹಚ್ಚಿ ನೋಡೀನಿ."

ಮರುದಿನವೇ. ಮಳೆಗಾಲ, ಚಳಿಗಾಲ ಎರಡೂ ಕಳೆದದ್ದು ಇದನ್ನು ಬಾಯಿ ಬಿಟ್ಟು ಹೇಳದೆ. ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಮನೆಯ ಕಟ್ಟೆ ಎಂದೂ ನೋಡದೆ ಕೇಳಿಬಿಟ್ಟೆ: ದಿನಾ ಸಂಜೆ ಇದೇ ಜಾಗದಲ್ಲಿ ಫೋನು ಇಟ್ಟುಕೊಂಡು ಕೂರುತ್ತಿದ್ದರು, ಒಂದು ಅಂಕಿ ತಿರುಗಿ ಹೇಳಲು ನಿಮ್ಮ ನಾಲಿಗೆ ಏನು ಸವೆಯುತ್ತಿತ್ತು?

ಅವರು ತಲೆ ಎತ್ತಲಿಲ್ಲ. ಮಕ್ಕಳ ಮುಂದೆ ಮಾನ ಹೋಯಿತೆಂದು ಮೊದಲು ಸಿಟ್ಟಿತ್ತು ಎಂದರು. ಸಿಟ್ಟು ಬೇಗ ಇಳಿಯಿತು. ಆಮೇಲೆ ಹೆದರಿಕೆಯಾಯಿತು.

"ಹೌದಪಾ ನಂದು ತಪ್ಪು ಅಂತ ಒಪ್ಪಿಕೊಂಡ್ರ ಆಟಾನ ಮುಗೀತಲ್ರಿ. ಆಮ್ಯಾಲ ನಮ್ಮಿಬ್ರಿಗೂ ಮಾತಾಡಾಕ ಏನು ಉಳೀತಿತ್ತು?"

ನಾನು ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತೆ. ಅವರೇ, ಕಡೆಗೆ ಅವನು ಎಷ್ಟಕ್ಕೆ ತಂದಿದ್ದ ಎಂದು ಕೇಳಿದರು. ಎಂಬತ್ತೊಂದು ಎಂದೆ.

ಆಗ ಮುಖ ಎತ್ತಿದರು. ಆ ಅಳುಮುಖದಲ್ಲೂ ಒಂದು ಬೆರಗು ಮೂಡಿತು.

"ಎಂಬತ್ತೊಂದು? ನಂದು ಎಪ್ಪತ್ತರ ಮ್ಯಾಲ ಏರಲೇ ಇಲ್ರಿ. ಎಷ್ಟ ಬಿಚ್ಚಿ ಸುತ್ತಿದ್ರೂ ಅಷ್ಟ. ಹೆಂಗ ಸುತ್ತಿದ್ದ?"

ನನಗೆ ಗೊತ್ತಿರಲಿಲ್ಲ. ನಾನು ಕಲೆ ನೋಡಿದ್ದೆ ಅಷ್ಟೇ, ಸುತ್ತುವುದನ್ನು ನೋಡಿರಲಿಲ್ಲ, ಕೇಳಿರಲೂ ಇಲ್ಲ. ಹಾಗೆಂದು ಹೇಳಿದೆ. ಅವರು ತಂಬಿಗೆ ಕೆಳಗಿಟ್ಟು, ಅವನನ್ನೇ ಕೇಳಬೇಕಿತ್ತು ಎಂದರು. ನಾನು ಹೌದು ಎಂದೆ. ಸುರಪುರದ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.